ಊಟ ಮುಗಿಯದ ರಾಜನೂ ಬೆಟ್ಟದ ಮಜ್ಜಿಗೆಯೂ

ಹೂಂ ಅನ್ನಿ, ಶುರು ಮಾಡ್ತೀನಿ. ಅನ್ನದಿದ್ದರೆ ಕತೆ ಮುನಿಸಿಕೊಂಡು ಪಕ್ಕದ ಬೀದಿಗೆ ಹೋಗುತ್ತೆ. ಅಲ್ಲಿಯ ಜನ ಚೆನ್ನಾಗಿ ಹೂಂ ಅಂತಾರಂತೆ.

ಒಂದಾನೊಂದು ಊರಿನಲ್ಲಿ ಒಂದು ಬೋಳುಬೆಟ್ಟ. ಬೆಟ್ಟದ ಬುಡದಲ್ಲಿ ಅರಮನೆ. ಅರಮನೆಯಲ್ಲಿ ಕೆಂಚನಾಯಕ ಅನ್ನೋ ರಾಜ. ಬೆಟ್ಟದ ತುದಿಯಲ್ಲಿ ಮಜ್ಜಿಗೆ ಪುಟ್ಟೀರಮ್ಮ. ಅವಳು ದಿನಾ ಬೆಳಿಗ್ಗೆ ತಲೆ ಮೇಲೆ ಮಡಕೆ ಹೊತ್ತು ಬೆಟ್ಟ ಹತ್ತುವಳು. ಹತ್ತಿ ಬಂದವರಿಗೆ ಶುಂಠಿ, ಕೊತ್ತಂಬರಿ ಹಾಕಿದ ಮಜ್ಜಿಗೆ ಕೊಡುವಳು. ಸಂಜೆ ಇಳಿಯುವಳು.

ಕೆಂಚನಾಯಕ ಇಪ್ಪತ್ತೆರಡರ ಹುಡುಗನಾಗಿದ್ದಾಗ ಒಂದು ದಿನ ಆ ಬೆಟ್ಟವನ್ನು ಓಡಿಕೊಂಡೇ ಹತ್ತಿದ. ಒಂದು ಲೋಟ ಮಜ್ಜಿಗೆ ಕುಡಿದ. "ಆಹಾ! ನಾಳೆ ಮತ್ತೆ ಬರ್ತೀನಿ" ಅಂದ.

ಆ ನಾಳೆ ಬರುವುದಕ್ಕೆ ಇಪ್ಪತ್ತೆಂಟು ವರ್ಷ ಹಿಡಿಯಿತು. ಪಾಪ, ರಾಜನಿಗೆ ಬಿಡುವೆಲ್ಲಿ? ಮೊದಲು ಪಟ್ಟಾಭಿಷೇಕ, ಅದರ ಊಟ. ಆಮೇಲೆ ಮದುವೆ, ಅದರ ಊಟ. ಆಮೇಲೆ ಯುದ್ಧ. ಯುದ್ಧ ನಡೆಯಲಿಲ್ಲ, ಊಟ ಮಾತ್ರ ನಡೆಯಿತು.

ಐವತ್ತು ತುಂಬಿದ ದಿನ ಊಟದ ಕೊನೆಗೆ ರಾಜ ಮಜ್ಜಿಗೆ ಬಾಯಿಗಿಟ್ಟ. "ಥೂ, ಚಪ್ಪೆ!" ಅಂತ ಉಗುಳಿದ. "ನನಗೆ ಬೆಟ್ಟದ ತುದಿಯ ಮಜ್ಜಿಗೆಯೇ ಬೇಕು. ಅದು ಬರೋವರೆಗೂ ನನ್ನ ಊಟ ಮುಗಿಯೋದಿಲ್ಲ."

ಅರಮನೆಯ ಮಜ್ಜಿಗೆಯೂ ಪುಟ್ಟೀರಮ್ಮನದೇ, ಬೆಳಿಗ್ಗೆ ಬೆಟ್ಟ ಹತ್ತುವ ಮುಂಚೆ ಅವಳು ಅದೇ ಮಡಕೆಯಿಂದ ಬಗ್ಗಿಸಿ ಕೊಟ್ಟದ್ದೇ. ಊರಿಗೆಲ್ಲ ಗೊತ್ತಿತ್ತು. ರಾಜನಿಗೆ ಹೇಳುವವರು ಯಾರು? ಎಲ್ಲರಿಗೂ ತಲೆ ಒಂದೊಂದೇ ಇತ್ತು.

ಮಜ್ಜಿಗೆ ಕುಡಿಯದೆ ಊಟ ಮುಗಿಯುವುದಿಲ್ಲ. ಊಟ ಮುಗಿಯದೆ ಕೈ ತೊಳೆಯುವ ಹಾಗಿಲ್ಲ. ಕೈ ತೊಳೆಯದೆ ರಾಜಮುದ್ರೆ ಮುಟ್ಟುವ ಹಾಗಿಲ್ಲ. ಹೀಗಾಗಿ ರಾಜ್ಯದ ಕೆಲಸವೆಲ್ಲ ನಿಂತಿತು. ಬಡಿಸುವುದು ಮಾತ್ರ ನಿಲ್ಲಲಿಲ್ಲ. ರಾಜ ಎಂಜಲು ಕೈಯಲ್ಲಿ ಉಣ್ಣುತ್ತಲೇ ಇದ್ದ, ಊರಿನ ಕಣಜ ಕರಗುತ್ತಲೇ ಇತ್ತು.

ಮಜ್ಜಿಗೆ ತರಲು ಒಬ್ಬ ಸಿಪಾಯಿ ಹೋದ. ಪುಟ್ಟೀರಮ್ಮ ಅಂದಳು, "ಹತ್ತಿ ಬಂದೋರಿಗೆ ಮಾತ್ರ. ಲೋಟ ಕೆಳಕ್ಕಿಳಿಯಾಕಿಲ್ಲ." ಸಿಪಾಯಿ ಹತ್ತಿ ಬಂದಿದ್ದನಲ್ಲ, ಅವನೇ ಕುಡಿದ. ಇನ್ನೊಬ್ಬ ಹೋದ, ಅವನೂ ಕುಡಿದ. ಇಪ್ಪತ್ತು ಜನ ಹೋದರು. ಇಪ್ಪತ್ತು ತೇಗು ಕೆಳಗೆ ಬಂದವು, ಮಜ್ಜಿಗೆ ಬರಲಿಲ್ಲ.

ಸರಿ, ರಾಜನೇ ಹೊರಟ. ಹೊರಡುವ ಮುಂಚೆ ಏನು ಸಂಭ್ರಮ ಅಂತೀರಿ! ಏಳು ಬಣ್ಣದ ಟೋಪಿ, ನಾಲ್ಕು ಊರುಗೋಲು, ಮಂಡಿಗೆ ರೇಷ್ಮೆಪಟ್ಟಿ. ಹತ್ತುವುದಕ್ಕೆ ಕಾಲೂ ಬೇಕಾಗುತ್ತೆ ಅಂತ ಯಾರಿಗೂ ಹೊಳೆಯಲಿಲ್ಲ. ಅಟ್ಟದಿಂದ ಹಳೆಯ ಮೆಟ್ಟು ಇಳಿಸಿದರು. ಮೆಟ್ಟು ರಾಜನನ್ನು ಕೆಳಗಿಂದ ಮೇಲಕ್ಕೆ ನೋಡಿ, "ನನ್ನ ಯಜಮಾನ ಸಣ್ಣಗಿದ್ದ. ಇವರಲ್ಲಿ ಅಂಥವರು ಮೂರು ಜನ ಹಿಡಿಸ್ತಾರೆ" ಅಂದಿತು.

ಹನ್ನೊಂದನೇ ಮೆಟ್ಟಿಲಿಗೆ ಎಡಮಂಡಿ ಬಾಯಿಬಿಟ್ಟಿತು. "ನನ್ನ ಕೈಲಾಗಲ್ಲ."

ಬಲಮಂಡಿ ಅಂದಿತು, "ಅವನಿಲ್ಲದೆ ನಾನೊಬ್ಬನೇ ಹೋಗಿ ಏನು ಮಾಡಲಿ?"

ರಾಜ ಅಲ್ಲೇ ಕುಕ್ಕರಿಸಿದ. ಏದುಸಿರು ಬಿಡುತ್ತಾ ಮಂತ್ರಿ ಅಪ್ರಮೇಯಯ್ಯನನ್ನು ಕರೆದ. "ಮಂತ್ರಿಗಳೇ, ಈ ಬೆಟ್ಟ ಮೊದಲಿಗಿಂತ ಬೆಳೆದಿದೆ!" ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮಂತ್ರಿ ಹಗ್ಗ ಹಿಡಿದು ಅಳೆಸಿದ. ಹಳೇ ಅಳತೆಯೇ ಬಂತು. "ಹಾಗಾದರೆ ಹಗ್ಗವೂ ಬೆಳೆದಿದೆ" ಅಂದ ರಾಜ. "ಖಂಡಿತ ಮಹಾಸ್ವಾಮಿ, ತಾವೊಬ್ಬರನ್ನು ಬಿಟ್ಟು ಎಲ್ಲವೂ ಬೆಳೆದಿದೆ" ಅಂದ ಮಂತ್ರಿ.

ಬೆಟ್ಟಕ್ಕೆ ತಡೆಯಲಾಗಲಿಲ್ಲ. "ಬೆಳೆದದ್ದು ನಾನಲ್ಲ ಸ್ವಾಮಿ, ಅದೇ ಹಗ್ಗವನ್ನು ನಿಮ್ಮ ಸೊಂಟಕ್ಕೆ ಸುತ್ತಿ ನೋಡಿ" ಅಂದುಬಿಟ್ಟಿತು.

ಇದಕ್ಕಿಂತ ರಾಜದ್ರೋಹ ಬೇಕೆ? ಬೆಟ್ಟವನ್ನು ಅಗೆದುಹಾಕುವ ಶಿಕ್ಷೆಯಾಯಿತು. ಮಂತ್ರಿ ಉಪಾಯ ಹೇಳಿದ. "ಬೆಟ್ಟದ ಮಣ್ಣು ಎಲ್ಲಿರುತ್ತೋ ಅದೇ ಬೆಟ್ಟ. ಆ ಮಣ್ಣನ್ನು ತಮ್ಮ ಕುರ್ಚಿಯ ಕೆಳಗೇ ಹಾಕಿಸಿದರೆ ತಾವು ಕೂತಲ್ಲೇ ತುದಿ ಮುಟ್ಟುತ್ತೀರಿ."

ಅರಮನೆಯ ಹಿತ್ತಲಲ್ಲಿ ಕುರ್ಚಿ ಹಾಕಿದರು. ರಾಜ ಕೂತ, ಮುಂದೆ ಎಲೆ ಹಾಕಿದರು. ಊರವರು ಬೆಟ್ಟ ಅಗೆದರು, ಬುಟ್ಟಿ ಹೊತ್ತರು. ಕುರ್ಚಿ ಎತ್ತು, ಮಣ್ಣು ಸುರಿ, ಒಬ್ಬಟ್ಟು ಬಡಿಸು. ಕುರ್ಚಿ ಎತ್ತು, ಮಣ್ಣು ಸುರಿ, ತುಪ್ಪ ಬಡಿಸು. ಹೀಗೇ ಆರು ತಿಂಗಳು. ಬೆಟ್ಟ ಅಗೆದು ಇಲಿ ಹಿಡಿದರು ಅಂತಾರಲ್ಲ, ಇಲ್ಲಿ ಇಲಿಯೂ ಸಿಗಲಿಲ್ಲ. ಹಳೇ ಬೆಟ್ಟ ಬಯಲಾಯಿತು, ಹಿತ್ತಲು ಬೆಟ್ಟವಾಯಿತು, ತುದಿಯಲ್ಲಿ ರಾಜ. ಕಣಜದಲ್ಲಿ ಇನ್ನು ಒಂದೇ ಒಂದು ಸೇರು ಅಕ್ಕಿ ಉಳಿದಿತ್ತು.

ಬೆಳಿಗ್ಗೆ ಪುಟ್ಟೀರಮ್ಮ ಬಂದಳು. ತುದಿ ಎಲ್ಲಿದೆಯೋ ಅವಳ ಅಂಗಡಿಯೂ ಅಲ್ಲೇ. ಮಡಕೆ ಹೊತ್ತು ಹೊಸ ಬೆಟ್ಟ ಹತ್ತಿದಳು. ಮಣ್ಣು ಹೊತ್ತವರಿಗೆಲ್ಲ ಒಂದೊಂದು ಲೋಟ ಕೊಟ್ಟಳು. ಕುಡಿದು ಅವರೆಲ್ಲ ಮನೆಗೆ ಹೋಗಿ ಮಲಗಿದರು. ರಾಜ ಆಸೆಯಿಂದ ಕೈ ಚಾಚಿದ.

"ನೀವು ಹತ್ತಿ ಬಂದ್ರಾ ಬುದ್ದೀ?"

"ಹತ್ತೋದೇನು, ಮೇಲೇ ಇದೀನಲ್ಲ!"

"ಇರೋರಿಗಲ್ಲ ಬುದ್ದೀ, ಬಂದೋರಿಗೆ."

ರಾಜ ಗದರಿದ, ಗೋಗರೆದ. ಅವಳು ಬಗ್ಗಲಿಲ್ಲ. ಕೊನೆಗೆ ಅವನು ನಿಜವಾಗಿಯೇ ಅತ್ತ. "ಉಂಡೂ ಉಂಡೂ ಸಾಕಾಗಿದೆ ಅವ್ವಾ. ಒಂದು ಸಲ ಕೈ ತೊಳೆದುಕೊಂಡರೆ ಸಾಕಾಗಿದೆ."

"ಇಳಿದು ಹತ್ತಿ ಬನ್ನಿ. ಹೊತ್ತು ಮುಳುಗೋವರೆಗೂ ಇಲ್ಲೇ ಇರ್ತೀನಿ."

ಹತ್ತುವುದಾದರೂ ವಾಸಿ, ಇಳಿಯುವುದು ಮಂಡಿಯ ಪ್ರಾಣ ಹಿಂಡುತ್ತೆ. ಎರಡು ಹೆಜ್ಜೆಗೇ ಎರಡೂ ಮಂಡಿ ಕೈಕೊಟ್ಟವು. ರಾಜ ಕೂತುಕೊಂಡೇ ಜಾರಿದ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ಇವನಿಗೆ ಮೀಸೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮಣ್ಣಾಯಿತು.

ಈಗ ಹತ್ತಬೇಕು. ಊರುಗೋಲು ಹಿಡಿಯುವವರಿಲ್ಲ, ಟೋಪಿ ಹೊರುವವರಿಲ್ಲ. ರಾಜ ಎಡಮಂಡಿಯ ಹತ್ತಿರ ಬಗ್ಗಿ ಗುಟ್ಟಾಗಿ, "ನಿನ್ನ ಪಾಲಿನ ಭಾರ ಬಲಮಂಡಿ ಹೊರುತ್ತಂತೆ" ಅಂದ. ಬಲಮಂಡಿಗೆ, "ನಿನ್ನ ಪಾಲಿನ ಭಾರ ಎಡಮಂಡಿ ಹೊರುತ್ತಂತೆ" ಅಂದ. ಎರಡೂ ಒಪ್ಪಿದವು. ಒಂದನ್ನೊಂದು ಕೇಳಿ ನೋಡಲಿಲ್ಲ. ರಾಜ್ಯ ಆಳುವುದೇನು ಸುಮ್ಮನೆ ಬರುತ್ತಾ?

ಹತ್ತು ಹೆಜ್ಜೆ, ಕೂರು. ಹತ್ತು ಹೆಜ್ಜೆ, ಕೂರು. ಎಂಜಲು ಕೈ ಮಾತ್ರ ಮೇಲಕ್ಕೆತ್ತಿಯೇ ಹಿಡಿದಿದ್ದ. ನಡುಮಧ್ಯೆ ವಾಪಸು ಹೋಗೋಣ ಅನ್ನಿಸಿತು, ಆದರೆ ವಾಪಸು ಹೋಗಬೇಕಾದರೆ ಇಳಿಯಬೇಕಲ್ಲ! ಆ ಹೆದರಿಕೆಗೇ ಹತ್ತಿದ. ಸೂರ್ಯ ಇನ್ನೇನು ಮುಳುಗಬೇಕು, ತುದಿ ಮುಟ್ಟಿದ.

ಪುಟ್ಟೀರಮ್ಮ ಮಡಕೆ ಬಗ್ಗಿಸಿದಳು. ಕೊನೆಯ ಒಂದು ಲೋಟ ಇತ್ತು. "ಕುಡಿ ಮಗಾ" ಅಂದಳು. ಆಗ ಅವಳ ಬಾಯಲ್ಲಿ "ಬುದ್ದೀ" ಅನ್ನೋ ಮಾತು ಬರಲಿಲ್ಲ.

ರಾಜ ಕುಡಿದ. ಅದೇ ರುಚಿ! ಅವಳು ಕೈಗೆ ನೀರು ಹಾಕಿದಳು. ಆರು ತಿಂಗಳ ಊಟ ಮುಗಿಯಿತು. ಅವನಿಗೆ ಎಷ್ಟು ಹಗುರಾಯಿತು ಅಂದರೆ, ಅಳುವುದೋ ತೇಗುವುದೋ ತಿಳಿಯದೆ ಎರಡನ್ನೂ ಮಾಡಿದ.

"ಅವ್ವಾ, ಈ ಒಂದು ಲೋಟ ಹೇಗೆ ಉಳಿದಿತ್ತು?"

"ಹಿಂದೆ ಒಬ್ಬ ಹುಡುಗ ನಾಳೆ ಬತ್ತೀನಿ ಅಂದಿದ್ದ. ಅವನಿಗೆ ಅಂತ ದಿನಾ ಒಂದು ಲೋಟ ಎತ್ತಿಡ್ತಿದ್ದೆ."

ರಾಜ ಖಾಲಿ ಲೋಟವನ್ನು ತಿರುಗಿಸಿ ನೋಡಿದ. "ಇಪ್ಪತ್ತೆಂಟು ವರ್ಷ ದಿನಾ ಚೆಲ್ಲಿದೆಯಾ?"

"ಚೆಲ್ಲಾದ್ಯಾಕೆ? ಸಂಜೆ ನಾನೇ ಕುಡೀತಿದ್ದೆ. ನೋಡು ನನ್ನ ಮಂಡಿ ಎಂಗೈತೆ!" ಅಂದವಳೇ, ಖಾಲಿ ಮಡಕೆ ತಲೆಗೇರಿಸಿ ಸರಸರ ಇಳಿದೇ ಹೋದಳು.

ರಾಜ ಮೇಲಿಂದ ಕೂಗಿದ, "ಅವ್ವಾ, ನಾಳೆ ಮತ್ತೆ ಬರ್ತೀನಿ!"

ಕೆಳಗಿಂದ ಉತ್ತರ ಬಂತು, "ನಾಳೆ ಬರಾದು ಇರಲಿ, ಮೊದಲು ಇವತ್ತು ಇಳಿ ಮಗಾ!"

ಇಳಿದನೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಕೆಳಗಿದ್ದೆ. ನೀತಿ ಬೇಕೇ ಬೇಕು ಅನ್ನುವವರಿಗೆ ನೀತಿ: ಮನೆಯಲ್ಲಿ ಕೊಟ್ಟ ಮಜ್ಜಿಗೆಯನ್ನು ಸುಮ್ಮನೆ ಕುಡಿದು ಕೈ ತೊಳೆಯಿರಿ. ಕತೆ ಬೆಟ್ಟ ಇಳಿಯಿತು, ನೀವು ಜಗಲಿ ಇಳಿಯಿರಿ. ಏಳಿ, ಏಳಿ.

ಯಾರದು "ಅಯ್ಯಮ್ಮಾ" ಅಂದದ್ದು? ಬರೀ ಕೂತು ಕೇಳಿದ್ದಕ್ಕೇ?