ಚೀಟಿಯಲ್ಲಿ ಇರದ ದುಃಖ

ಮುರುಗೇಂದ್ರಪ್ಪ ಅಂತ ಒಬ್ಬ ಪ್ರೊಫೆಸರ್ ಇದ್ದರು. ದಾವಣಗೆರೆ ಕಡೆಯ ಒಂದು ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಮನಃಶಾಸ್ತ್ರ ಪಾಠ ಮಾಡಿದವರು. ಒಳ್ಳೆಯ ಮನುಷ್ಯ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಇದ್ದಿದ್ದರೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು.

ನಿವೃತ್ತಿಗೆ ಇನ್ನು ಎರಡು ವರ್ಷ ಇದ್ದಾಗ ಅವರಿಗೆ ಒಂದು ಆಸೆ ಹುಟ್ಟಿತು. ತಮ್ಮ ಕಾಲೇಜಿನಲ್ಲಿ ಆಪ್ತ ಸಮಾಲೋಚನೆಯ ಎಂ.ಎಸ್ಸಿ. ಶುರು ಮಾಡಬೇಕು. ಮನಸ್ಸು ನೊಂದವರ ಮಾತನ್ನು ಕೂತು ಕೇಳಿ, ಕೈಹಿಡಿದು ದಾಟಿಸುವ ಕೆಲಸ ಕಲಿಸುವ ಎರಡು ವರ್ಷದ ಕೋರ್ಸು.

"ಹೊಟ್ಟೆನೋವಿಗೆ ಬೀದಿಗೊಬ್ಬ ಡಾಕ್ಟರ್ ಇದಾನೆ. ಮನಸ್ಸು ನೊಂದ್ರೆ ಜನ ಎಲ್ಲಿಗೆ ಹೋಗ್ಬೇಕ್ರೀ?" ಅಂತ ಪ್ರಿನ್ಸಿಪಾಲರ ಮೇಜು ಕುಟ್ಟಿ ಕೇಳಿದರು. ಪ್ರಿನ್ಸಿಪಾಲರು ಒಪ್ಪಿದರು. ವಿಶ್ವವಿದ್ಯಾಲಯದವರು ಪಠ್ಯಕ್ರಮ ಬರೆದು ಕಳಿಸಿ, ನೋಡೋಣ ಅಂದರು.

ಐದು ಜನರ ಸಮಿತಿ ಕೂತಿತು. ಮುರುಗೇಂದ್ರಪ್ಪನವರೇ ಅಧ್ಯಕ್ಷರು. ಮೂವರು ಬೇರೆ ಬೇರೆ ವಿಷಯದ ಮೇಷ್ಟ್ರುಗಳು. ಐದನೆಯವರು ಎಸ್ತರಮ್ಮ. ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತಿಯಾದ ಹೆಂಗಸು. ಹೊರಗಿನ ಅನುಭವಸ್ಥರು ಒಬ್ಬರಿರಬೇಕು ಅನ್ನುವ ನಿಯಮವಿತ್ತು, ಅದಕ್ಕೆ ಕರೆದಿದ್ದರು.

ವಿಶ್ವವಿದ್ಯಾಲಯದ ಲೆಕ್ಕ ಬಿಗಿ. ವಾರಕ್ಕೆ ಒಂದು ತಾಸಿನ ಪಾಠಕ್ಕೆ ಒಂದು ಕ್ರೆಡಿಟ್, ಎರಡು ವರ್ಷಕ್ಕೆ ಒಟ್ಟು ಎಂಬತ್ತು ಕ್ರೆಡಿಟ್. ಒಂದು ಹೆಚ್ಚೂ ಇಲ್ಲ, ಒಂದು ಕಮ್ಮಿಯೂ ಇಲ್ಲ. ಪ್ರತಿ ಕ್ರೆಡಿಟ್ಟಿಗೂ ಅಂಕ ಇರಬೇಕು, ಅಂಕಕ್ಕೆ ಪರೀಕ್ಷೆ ಇರಬೇಕು. ಸರಿ, ಶುರುವಾಯಿತು ನೋಡಿ ಎಳೆದಾಟ. ಒಬ್ಬರು ತಮ್ಮ ಅಂಕಿಅಂಶದ ಪತ್ರಿಕೆ ಇರಲೇಬೇಕು ಅಂದರು. ಇನ್ನೊಬ್ಬರು ಸಿದ್ಧಾಂತಕ್ಕೆ ಎರಡು ಸೆಮಿಸ್ಟರ್ ಬೇಕು ಅಂತ ಹಠ ಹಿಡಿದರು. ಮೂರನೆಯವರು ಪಿಎಚ್.ಡಿ. ಮಾಡಿದ ವಿಷಯಕ್ಕೆ ಕೋರ್ಸಿನಲ್ಲಿ ಜಾಗವೇ ಇರಲಿಲ್ಲ, ಅದಕ್ಕೂ ಜಾಗ ಮಾಡಿದರು. ಮಿರ್ಚಿ ಮಂಡಕ್ಕಿ ತರಿಸಿ ತಿಂದು, ಚಹಾ ಕುಡಿದು, ನಾಲ್ಕು ತಿಂಗಳು ಹೀಗೇ ಹಂಚಿಕೊಂಡರು.

ಎಸ್ತರಮ್ಮ ಇಡೀ ನಾಲ್ಕು ತಿಂಗಳಲ್ಲಿ ಕೇಳಿದ್ದು ಒಂದೇ.

"ವಾರಕ್ಕೆ ಒಂದು ತಾಸು ಬಿಡ್ರಿ ಸರ್. ಪಾಠ ಬೇಡ, ಮಾರ್ಕ್ಸ್ ಬೇಡ. ಓದೋ ಮಕ್ಕಳ ಕಷ್ಟ ಏನೈತಿ ಅಂತ ಕೇಳೋಕೆ ಒಂದು ತಾಸು."

"ಅವರು ಕೇಳೋದು ಕಲಿಯೋಕೆ ಬರೋರು ಸಿಸ್ಟರ್. ಹೇಳ್ಕೊಳ್ಳೋಕಲ್ಲ," ಅಂದು ಅಂಕಿಅಂಶದ ಮೇಷ್ಟ್ರು ನಕ್ಕರು.

ಎಸ್ತರಮ್ಮ ನಗಲಿಲ್ಲ. "ಈ ಓದಿಗೆ ಯಾರು ಬರ್ತಾರೆ ಅನ್ಕೊಂಡೀರಿ? ಅರ್ಧಕ್ಕರ್ಧ ತಾವೇ ನೊಂದೋರು ಬರ್ತಾರೆ. ನಾನೂ ಹಂಗೇ ಬಂದಾಕಿ. ಬಾವಿಗೆ ಇಳಿಯೋನಿಗೆ ಮೇಲೆ ಹಗ್ಗ ಹಿಡಿಯೋರು ಒಬ್ಬರು ಬೇಕು ಸರ್."

ಮುರುಗೇಂದ್ರಪ್ಪನವರಿಗೆ ಆ ಮಾತು ನಾಟಿತು. ಆವತ್ತೇ ಕರಡಿನಲ್ಲಿ 'ಕೇಳುವ ತಾಸು, ಒಂದು ಕ್ರೆಡಿಟ್' ಅಂತ ತಮ್ಮ ಕೈಯಾರೆ ಬರೆದರು.

ಕೊನೆಯ ಸಭೆ ಬಂತು. ಮರುದಿನ ಕಡತ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಕೂಡಿ ನೋಡಿದರೆ ಎಂಬತ್ತೊಂದು ಕ್ರೆಡಿಟ್! ಒಂದು ತೆಗೆಯಲೇಬೇಕು. ಪ್ರತಿ ಪತ್ರಿಕೆಗೂ ಆ ಕೋಣೆಯಲ್ಲಿ ಒಬ್ಬ ಯಜಮಾನ ಕೂತಿದ್ದ. ಯಾರ ಪತ್ರಿಕೆಗೆ ಕೈ ಹಾಕಿದರೂ ಮುಖ ಕೆಂಪಾಗುತ್ತಿತ್ತು. ಕೇಳುವ ತಾಸಿಗೆ ಮಾತ್ರ ಯಜಮಾನರಿಲ್ಲ. ಅಂಕವಿಲ್ಲದ್ದಕ್ಕೆ ನಮೂನೆಯಲ್ಲಿ ಕಾಲಮ್ಮೂ ಇರಲಿಲ್ಲ.

ಮುರುಗೇಂದ್ರಪ್ಪ ಕೆಂಪು ಪೆನ್ನು ತೆಗೆದು ಅದರ ಮೇಲೆ ಗೆರೆ ಎಳೆದರು. ಎಳೆಯುವಾಗ ಅವರಿಗೆ ಗೊತ್ತಿತ್ತು, ತಪ್ಪು ಮಾಡುತ್ತಿದ್ದೇನೆ ಅಂತ. ಗೊತ್ತಿದ್ದೇ ಎಳೆದರು.

"ಮುಂದಿನ ಸಲ ಪರಿಷ್ಕರಣೆ ಮಾಡ್ತೀವಲ್ಲ ಸಿಸ್ಟರ್, ಆಗ ಸೇರಿಸೋಣ."

ಎಸ್ತರಮ್ಮ ತಮ್ಮ ಬ್ಯಾಗು ತಗೊಂಡು ಎದ್ದು ಹೋದರು.

ಇನ್ನು ಪ್ರಾಕ್ಟಿಕಲ್ ಅಂತ ಒಂದು ಇರಬೇಕಲ್ಲ? ನಿಜವಾದ ನೊಂದವರ ಹತ್ತಿರ ಹುಡುಗರನ್ನು ಕಳಿಸಬೇಕೆಂದರೆ ಜೊತೆಗೆ ಒಬ್ಬ ತಿಳಿದವರು ಕೂರಬೇಕು. ಅಷ್ಟು ಜನ ಎಲ್ಲಿದ್ದಾರೆ? ಅದಕ್ಕೆ ಸುಲಭದ ದಾರಿ ಹುಡುಕಿದರು. ಒಂದು ಸ್ಟೀಲ್ ಡಬ್ಬಿಯಲ್ಲಿ ಚೀಟಿಗಳು. ಒಂದೊಂದು ಚೀಟಿಯಲ್ಲಿ ಒಂದೊಂದು ದುಃಖ. ಒಬ್ಬ ವಿದ್ಯಾರ್ಥಿ ಚೀಟಿ ಎತ್ತಿ ನೊಂದವನ ಹಾಗೆ ಮಾತಾಡಬೇಕು, ಇನ್ನೊಬ್ಬ ಸಮಾಲೋಚಕನಾಗಿ ಕೇಳಬೇಕು. ಏಳು ನಿಮಿಷ. ಕೇಳಿದವನಿಗೆ ನಲವತ್ತು ಅಂಕ. ಚೀಟಿಯಲ್ಲಿದ್ದ ದುಃಖವನ್ನು ನಂಬುವ ಹಾಗೆ ಹೇಳಿದವನಿಗೂ ಹತ್ತು ಅಂಕ.

ಕೋರ್ಸಿಗೆ ಮಂಜೂರಾತಿ ಬಂತು. ಮುರುಗೇಂದ್ರಪ್ಪನವರಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಮೊದಲ ವರ್ಷಕ್ಕೇ ಹದಿನೆಂಟು ಮಕ್ಕಳು ಸೇರಿದರು. ಅವರಲ್ಲೊಬ್ಬಳು ಕೊಟ್ರೇಶ್ವರಿ. ಅಪ್ಪ ಇಲ್ಲ, ಅವ್ವನಿಗೆ ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ಕೆಲಸ. ಹುಡುಗಿ ಎರಡನೇ ಬೆಂಚಿನಲ್ಲಿ ಕೂತು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದಳು.

ವರ್ಷದ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯ ದಿನ. ಬೇರೆ ಊರಿನಿಂದ ಬಂದ ಪರೀಕ್ಷಕರೊಬ್ಬರು ಮುರುಗೇಂದ್ರಪ್ಪನವರ ಪಕ್ಕ ಕೂತಿದ್ದರು. ಪರೀಕ್ಷಕರಿಗೆ ನಾಲ್ಕು ಗಂಟೆಯ ಬಸ್ಸು ಹಿಡಿಯಬೇಕಿತ್ತು. ಕೊಟ್ರೇಶ್ವರಿ ಡಬ್ಬಿಗೆ ಕೈ ಹಾಕಿ ಚೀಟಿ ಎತ್ತಿದಳು. 'ಪರೀಕ್ಷೆಯ ಭಯವಿರುವ ವಿದ್ಯಾರ್ಥಿ' ಅಂತ ಅದರಲ್ಲಿತ್ತು. ಅವಳ ಎದುರಿಗೆ ಸಮಾಲೋಚಕಿಯಾಗಿ ಕೂತವಳು ಮುಬೀನಾ ಅನ್ನುವ ಸಹಪಾಠಿ.

"ಹೇಳಿ, ಏನು ನಿಮ್ಮ ತೊಂದರೆ?" ಅಂದಳು ಮುಬೀನಾ, ಕಲಿಸಿದ ಹಾಗೆ.

ಕೊಟ್ರೇಶ್ವರಿ ಚೀಟಿಯನ್ನು ನೋಡಿದಳು. ಮಡಚಿದಳು. ಆಮೇಲೆ ತಡೆದು ತಡೆದು ಹೇಳಿದಳು.

"ನಮ್ಮಕ್ಕ ಹೆರಿಗೆಲಿ ತೀರ್ಕೊಂಡ್ಳು. ಆರು ತಿಂಗಳಾತು. ಮಗು ಉಳೀತು. ಮಗೀಗೆ ತಾಯಿ ಬೇಕು ಅಂತ ಭಾವಂಗೇ ನನ್ನ ಕೊಡ್ತಾರೆ. ಬರೋ ತಿಂಗಳು ಲಗ್ನ. ಮನೇಲಿ ಈಗ್ಲೇ ಅಕ್ಕನ ತಟ್ಟೇಲಿ ನಂಗೆ ಊಟ ಹಾಕ್ತಾರೆ. ಅಕ್ಕನ ಹೆಸರು ಹಿಡಿದು ನನ್ನ ಕರೀತಾರೆ, ತಪ್ಪಾತು ಅಂತಾನೂ ಅನ್ನಲ್ಲ. ನಾನು ಇದ್ದೀನಾ ಇಲ್ವಾ ಅಂತ ನಂಗೇ ಗೊತ್ತಾಗ್ತಿಲ್ಲ. ಇಲ್ದೇ ಹೋದ್ರೇ ವಾಸಿ ಅನ್ಸುತ್ತೆ."

ಮುಬೀನಾ ತಬ್ಬಿಬ್ಬಾಗಿ ಪರೀಕ್ಷಕರ ಕಡೆ ನೋಡಿದಳು.

"ಮುಂದುವರಿಸಿ, ಮುಂದುವರಿಸಿ," ಅಂದರು ಅವರು, ಗಡಿಯಾರ ನೋಡುತ್ತಾ.

"ನಿಮಗೆ ಹೀಗೆ ಅನ್ನಿಸುವುದು ಸಹಜ," ಅಂದಳು ಮುಬೀನಾ. ಅಷ್ಟರಲ್ಲಿ ಗಂಟೆ ಹೊಡೆಯಿತು. ಏಳು ನಿಮಿಷ ಮುಗಿದಿತ್ತು.

ಕೊಟ್ರೇಶ್ವರಿ ಕೂತೇ ಇದ್ದಳು. ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾಟಕ ಮಾಡುವವರು ಮೂಗು ಒರೆಸಿಕೊಳ್ಳುತ್ತಾರೆ. ಮುರುಗೇಂದ್ರಪ್ಪನವರ ಎದೆಯಲ್ಲಿ ಒಂದು ಕ್ಷಣ ಛಳ್ ಅಂದಿತು. ಏಳಬೇಕು, ಹತ್ತಿರ ಹೋಗಬೇಕು ಅನ್ನಿಸಿತು. ಆದರೆ ಇನ್ನೂ ಹನ್ನೊಂದು ಮಕ್ಕಳ ಸರದಿ ಬಾಕಿ ಇತ್ತು. ಅಯ್ಯೋ, ಅದೊಂದು ಕ್ಷಣ ಎದ್ದುಬಿಟ್ಟಿದ್ದರೆ!

"ಏನ್ ಆ್ಯಕ್ಟಿಂಗ್ ರೀ ಹುಡುಗೀದು! ಹತ್ತಕ್ಕೆ ಹತ್ತು ಕೊಡಬಹುದು," ಅಂದರು ಪರೀಕ್ಷಕರು. ಮತ್ತೆ ಚೀಟಿ ನೋಡಿ, "ಆದ್ರೆ ಚೀಟೀಲಿ ಪರೀಕ್ಷೆ ಭಯ ಅಂತಿದೆ. ಇವಳು ಬೇರೇನೋ ಹೇಳಿದ್ಲಲ್ಲ?"

"ಅರ್ಧ ಅಂಕ ಕಡಿಮೆ ಮಾಡೋಣ," ಅಂದರು ಮುರುಗೇಂದ್ರಪ್ಪ. ಅವಳ ಎದುರಿಗೇ ಒಂಬತ್ತೂವರೆ ಅಂತ ಬರೆದರು.

ಸಂಜೆ ಪರೀಕ್ಷಕರನ್ನು ಬಸ್ ಹತ್ತಿಸಿ ಬಂದರೆ ಹುಡುಗಿ ಡಿಪಾರ್ಟ್‌ಮೆಂಟಿನ ಬಾಗಿಲ ಹತ್ತಿರ ನಿಂತಿದ್ದಳು.

"ಸರ್..."

"ಭಾರಿ ಚೆನ್ನಾಗಿ ಮಾಡ್ದೆ ಬಿಡಮ್ಮ. ಎಲ್ಲರಿಗಿಂತ ಹೆಚ್ಚು ನಿನಗೇ ಬಂದಿದೆ," ಅಂದು ಮುರುಗೇಂದ್ರಪ್ಪ ಬೆನ್ನು ತಟ್ಟಿದರು. ಪ್ರೀತಿಯಿಂದಲೇ ತಟ್ಟಿದರು. ಹುಡುಗಿ "ಥ್ಯಾಂಕ್ಯೂ ಸರ್" ಅಂದು ಮೆಟ್ಟಿಲಿಳಿದು ಹೋದಳು.

ಹತ್ತು ದಿನ ಕಳೆದಿರಲಿಲ್ಲ, ಸುದ್ದಿ ಬಂತು. ಕೊಟ್ರೇಶ್ವರಿ ಸಾಯಲು ಹೋಗಿದ್ದಳಂತೆ. ಅಕ್ಕಪಕ್ಕದವರು ನೋಡಿ ಆಸ್ಪತ್ರೆಗೆ ಸೇರಿಸಿದರಂತೆ. ಜೀವ ಉಳಿದಿದೆ.

ಮುರುಗೇಂದ್ರಪ್ಪ ಅವಳ ಮನೆಯ ವಿಳಾಸಕ್ಕೆ ಕಡತ ತೆಗೆಸಿದರು. ವಿಳಾಸದ ಹಿಂದೆಯೇ ಒಂದು ರಜೆ ಅರ್ಜಿ ಇತ್ತು. 'ನನ್ನ ಅಕ್ಕ ತೀರಿಕೊಂಡಿರುವುದರಿಂದ ಐದು ದಿನ ರಜೆ ನೀಡಬೇಕಾಗಿ ವಿನಂತಿ.' ಕೆಳಗೆ 'ಮಂಜೂರು' ಅಂತ ಬರೆದು ಸಹಿ ಹಾಕಿದ್ದವರು ಅವರೇ. ಯಾವಾಗ ಹಾಕಿದ್ದು ಅಂತಲೂ ಅವರಿಗೆ ನೆನಪಿಗೆ ಬರಲಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಹುಡುಗಿಯ ಅವ್ವ ಕೂತಿದ್ದಳು. ಭಟ್ಟಿಯಿಂದ ನೇರ ಓಡಿ ಬಂದವಳು, ತಲೆಗೂದಲಲ್ಲಿ ಇನ್ನೂ ಬೂದಿ ಇತ್ತು. ಮೇಷ್ಟ್ರು ಅಂತ ತಿಳಿದ ಕೂಡಲೇ ಎದ್ದು ಅವರ ಕಾಲಿಗೆ ಬಿದ್ದಳು.

"ಒಂದು ಮಾತು ಹೇಳ್ಲಿಲ್ಲ ಸರ್ ಇವಳು. ಈ ಲಗ್ನ ಬೇಡ ಅಂತ ಒಂದೇ ಒಂದು ಮಾತು ಯಾರ ಹತ್ರನಾದ್ರೂ ಹೇಳಿದ್ರೆ, ನಾನು ನಿಲ್ಲಿಸ್ತಿರಲಿಲ್ವಾ? ನಿಮ್ಮ ಹತ್ರನಾದ್ರೂ ಹೇಳಿದ್ಲಾ?"

ಮುರುಗೇಂದ್ರಪ್ಪ ಬಾಯಿ ತೆರೆದರು. ಹೇಳಿದ್ದಳಮ್ಮ, ನಾವು ಅಂಕ ಕೊಟ್ಟು ಕಳಿಸಿದೆವು ಅನ್ನಬೇಕಿತ್ತು. ಆಗಲಿಲ್ಲ. ಆ ತಾಯಿಗೆ ಉತ್ತರ ಕೊಡದೆ ಒಳಗೆ ಹೋದರು.

ಹುಡುಗಿ ಮಲಗಿದ್ದಳು. ಕಣ್ಣು ತೆರೆದೇ ಇತ್ತು. ಅವರು ಸ್ಟೂಲ್ ಎಳೆದುಕೊಂಡು ಕೂತರು. ಕೊನೆಗೆ ಅವಳೇ ಕೇಳಿದಳು.

"ಅರ್ಧ ಮಾರ್ಕ್ಸ್ ಯಾಕೆ ಕಟ್ ಮಾಡಿದ್ರಿ ಸರ್?"

ಮುರುಗೇಂದ್ರಪ್ಪ ತಲೆ ತಗ್ಗಿಸಿದರು. "ಚೀಟೀಲಿ... ಅದು ಇರಲಿಲ್ಲಮ್ಮ."

"ಹೌದು. ಚೀಟೀಲಿ ಇರಲಿಲ್ಲ," ಅಂದಳು. ಗೋಡೆಯ ಕಡೆ ತಿರುಗಿ ಮಲಗಿದಳು.

ಅವರು ಕತ್ತಲಾಗುವವರೆಗೂ ಅಲ್ಲೇ ಕೂತಿದ್ದರು. ಈಗ ಕೇಳಲು ಅವರ ಹತ್ತಿರ ಬೇಕಾದಷ್ಟು ಹೊತ್ತಿತ್ತು. ಹೇಳಲು ಅವಳಿಗೆ ಮನಸ್ಸಿರಲಿಲ್ಲ.

ಲಗ್ನ ಮುರಿಯಿತು. ಹುಡುಗಿ ರಾಣೆಬೆನ್ನೂರಿನ ಸೋದರಮಾವನ ಮನೆಗೆ ಹೋದಳು. ಅಲ್ಲಿ ಉಣ್ಣು ಅಂದರೆ ಉಣ್ಣುತ್ತಾಳೆ, ಮಲಗು ಅಂದರೆ ಮಲಗುತ್ತಾಳೆ, ಏನಾಯಿತು ಅಂತ ಯಾರೇ ಕೇಳಿದರೂ ಸುಮ್ಮನೆ ನೋಡುತ್ತಾಳೆ ಅಂತ ಸುದ್ದಿ ಬರುತ್ತಿತ್ತು. ಕಾಲೇಜಿಗೆ ಮತ್ತೆ ಬರಲಿಲ್ಲ.

ಮುರುಗೇಂದ್ರಪ್ಪ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ಅಂಕವಿಲ್ಲದ ತಾಸಿಗೆ ನಮೂನೆಯಲ್ಲಿ ಅವಕಾಶವಿಲ್ಲ ಅಂತ ಉತ್ತರ ಬಂತು. ಅವರು ಆ ಉತ್ತರವನ್ನು ಹರಿದು ಹಾಕಿ ಎಸ್ತರಮ್ಮನ ಮನೆಗೆ ಹೋದರು. ಮುಂದಿನ ಪರಿಷ್ಕರಣೆಗೆ ಕಾಯಲಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ, ವೇಳಾಪಟ್ಟಿಯ ಹೊರಗೆ, ಒಂದು ಕೋಣೆಯ ಬಾಗಿಲು ತೆರೆದಿಟ್ಟರು. ಎಸ್ತರಮ್ಮ ಬಂದು ಕೂತರು.

ಮೊದಲ ಶನಿವಾರ ಮಕ್ಕಳು ಬಾಗಿಲಲ್ಲೇ ನಿಂತು ಕೇಳಿದರು, "ಇದಕ್ಕೆ ಎಷ್ಟು ಮಾರ್ಕ್ಸ್ ಸರ್?"

"ಏನೂ ಇಲ್ಲ. ಒಳಗೆ ಬರ್ರಪ್ಪ," ಅಂದರು ಅವರು. ಎಲ್ಲರಿಗಿಂತ ಮೊದಲು ಒಳಗೆ ಹೋದವಳು ಮುಬೀನಾ. ಕೂತವಳೇ ಎಸ್ತರಮ್ಮನ ಮಡಿಲಲ್ಲಿ ತಲೆ ಇಟ್ಟು, "ನಂಗೆ ಗೊತ್ತಾಗಿತ್ತು ಸಿಸ್ಟರ್, ಅದು ನಾಟಕ ಅಲ್ಲ ಅಂತ ಗೊತ್ತಾಗಿತ್ತು" ಅಂತ ಬಿಕ್ಕಿ ಬಿಕ್ಕಿ ಅತ್ತಳು. ಬಾಗಿಲ ಹೊರಗೆ ನಿಂತಿದ್ದ ಮುರುಗೇಂದ್ರಪ್ಪನವರಿಗೂ ಗೊತ್ತಾಗಿತ್ತು. ಅವರು ಅಳಲಿಲ್ಲ. ಅಳುವ ಹಕ್ಕು ತಮಗಿಲ್ಲ ಅನ್ನಿಸಿತು.

ಆ ವರ್ಷದ ಅಂಕಪಟ್ಟಿಗಳು ಬಂದವು. ಎಲ್ಲರೂ ಸಹಿ ಹಾಕಿ ತಗೊಂಡು ಹೋದರು. ಒಂದು ಮಾತ್ರ ಉಳಿಯಿತು. ಅವರು ನಿವೃತ್ತಿಯಾಗಿ ಹೋಗುವ ದಿನವೂ ಅದು ಅವರ ಮೇಜಿನ ಡ್ರಾಯರಿನಲ್ಲೇ ಇತ್ತು. ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಬಂದಿದ್ದು ಅದರಲ್ಲೇ.

ನೀತಿ: ದುಃಖ ಹೇಳಿಕೊಳ್ಳುವವರು ನಾವು ಕೊಟ್ಟ ಚೀಟಿ ನೋಡಿ ಹೇಳುವುದಿಲ್ಲ, ನಮಗೆ ಬಿಡುವಿದ್ದಾಗಲೂ ಹೇಳುವುದಿಲ್ಲ. ಎದೆಯಲ್ಲಿ ಛಳ್ ಅಂದ ಕೂಡಲೇ ಎದ್ದು ಹತ್ತಿರ ಹೋಗಿ ಕೇಳಿ. ಇನ್ನೊಬ್ಬರ ಮನಸ್ಸು ಕಾಯುವವರನ್ನು ತಯಾರು ಮಾಡುವವರು ಮೊದಲು ಅವರ ಮನಸ್ಸನ್ನು ಕಾಯಬೇಕು. ಮುಂದಿನ ಸಲ ಕೇಳೋಣ ಅಂದುಕೊಂಡರೆ, ಮುಂದಿನ ಸಲ ಹೇಳುವವರೇ ಇರುವುದಿಲ್ಲ.