ಒಂದೇ ಹೆಬ್ಬೆರಳಿನ ನಿಷ್ಠೆ

ವತ್ಸಲಮ್ಮನವರು ಕಾಯಿಲೆ ಬಿದ್ದಾಗ ಸೊಂಟದ ಬೀಗದ ಕೈ ಗೊಂಚಲನ್ನು ಬಿಚ್ಚಿ, ಅರಿಶಿನ ಕುಂಕುಮದೊಂದಿಗೆ ಬಸುರಿ ಸೊಸೆ ಪ್ರಮೀಳಾಳ ಕೈಗಿತ್ತರು. ಮೊಬೈಲನ್ನು ಮಾತ್ರ ತಮ್ಮ ದಿಂಬಿನಡಿ ಉಳಿಸಿಕೊಂಡರು. ಹುಟ್ಟಲಿರುವ ಮೊಮ್ಮಗುವಿಗಾಗಿ ಅವರು ತಮ್ಮದೇ ದನಿಯಲ್ಲಿ ಹಾಡಿಟ್ಟ ಜೋಗುಳಗಳು ಅದರಲ್ಲಿದ್ದವು.

ಮೊಬೈಲು ಗೊಂಚಲನ್ನು ಹಂಗಿಸಿತು. “ಯಜಮಾನಿ ಬದುಕಿರುವಾಗಲೇ ಇನ್ನೊಬ್ಬರ ಸೊಂಟಕ್ಕೆ ಜೋತುಬಿದ್ದೆಯಲ್ಲ, ನಾಚಿಕೆಯಿಲ್ಲವೆ? ನಾನು ಅವರ ಹೆಬ್ಬೆರಳಿಗಲ್ಲದೆ ಬಾಯಿ ಬಿಡುವುದಿಲ್ಲ.”

“ಅಣ್ಣಾ, ಆ ಹೆಬ್ಬೆರಳೂ ಒಂದು ದಿನ ಚಿತೆಗೆ ಹೋಗುತ್ತದೆ,” ಎಂದಿತು ಗೊಂಚಲು. “ಅಷ್ಟರೊಳಗೆ ಸೊಸೆಯ ಬೆರಳನ್ನೂ ನಿನಗೆ ಪರಿಚಯಿಸುವಂತೆ ಅವರನ್ನು ಕೇಳಿಕೋ.”

“ನಿಧಿ ಕಾಯುವ ಸರ್ಪಕ್ಕೆ ಬುದ್ಧಿ ಹೇಳಬೇಡ,” ಎಂದಿತು ಮೊಬೈಲು.

ವತ್ಸಲಮ್ಮ ತೀರಿಕೊಂಡರು. ಕೆಲವು ವಾರಗಳಲ್ಲಿ ಮಗು ಹುಟ್ಟಿತು. ಪ್ರಮೀಳಾ ಬೀರು ತೆರೆದು, ಅತ್ತೆ ಹೊಲಿದಿಟ್ಟಿದ್ದ ಕುಲಾವಿಯನ್ನು ಮಗುವಿಗೆ ತೊಡಿಸಿದಳು. ಬಳಿಕ ಜೋಗುಳ ಕೇಳಿಸಲೆಂದು ಮೊಬೈಲನ್ನು ಕೈಗೆತ್ತಿಕೊಂಡಳು.

“ಬೆರಳಿಲ್ಲದೆ ಇದನ್ನು ತೆರೆಯೋಕೆ ನಿಮ್ಮಮ್ಮ ಯಾವ ನಂಬರು ಇಟ್ಟಿದ್ದರೋ ನಿಮಗೆ ಗೊತ್ತೇನ್ರೀ?”

“ಅಮ್ಮ ಯಾರಿಗೆ ಹೇಳಿದ್ದಾರೆ! ಹುಟ್ಟಿದ ದಿನ ಹಾಕಿ ನೋಡು,” ಎಂದ ಗಂಡ.

ಅದು ತಪ್ಪಾಯಿತು. ಮದುವೆಯ ದಿನವೂ ತಪ್ಪಾಯಿತು. ಅವಳು ಮತ್ತೆ ಮತ್ತೆ ಪ್ರಯತ್ನಿಸಿದಳು.

ಇಷ್ಟು ಸಲ ತಪ್ಪು ನಂಬರು ಬಂದದ್ದು ಕಂಡು, ಮನೆಗೆ ಕಳ್ಳರು ನುಗ್ಗಿದ್ದಾರೆಂದು ಮೊಬೈಲು ಅಂದುಕೊಂಡಿತು. ತಾನು ಕಲಿತ ನಿಯಮದಂತೆ ಒಳಗಿದ್ದುದನ್ನೆಲ್ಲ ಅಳಿಸಿಹಾಕಿತು. ಆಮೇಲೆ ಹೊಸದಾಗಿ ಬೆಳಗಿ, ಪ್ರಮೀಳಾಳನ್ನು ಬಹಳ ವಿನಯದಿಂದ ಕೇಳಿತು:

“ಸ್ವಾಗತ, ಯಜಮಾನಿ. ತಮ್ಮ ಹೆಸರೇನು?”