ಮೊಣಕಾಲು ಕಡವು

ಪ್ರೋಗ್ರಾಮಿಂಗ್ ಕಲಿಯುತ್ತಿದ್ದ ಶಿಷ್ಯೆಯೊಬ್ಬಳು ಕೇಳಿದಳು: “ಗುರುಗಳೇ, ಪ್ರೋಗ್ರಾಮಿನಲ್ಲಿ ಮಾಹಿತಿ ಇಡುವ ವೇರಿಯಬಲ್‌ಗೆ ‘ವಯಸ್ಸು’ ಎಂದಷ್ಟೇ ಹೆಸರಿಟ್ಟರೆ ಸಾಕೇ? ಒಳಗಿರುವುದು ಸಂಖ್ಯೆ ಎಂದು ನೋಡಿದ ಕೂಡಲೇ ತಿಳಿಯುವಂತೆ ‘ಸಂಖ್ಯೆ-ವಯಸ್ಸು’ ಎಂದು ಇಡಬಾರದೇ?”

ಗುರುಗಳು ಒಂದು ಕತೆ ಹೇಳಿದರು.

ಒಂದು ಹೊಳೆ. ಅದರ ದಡದಲ್ಲಿ ಒಂದು ಊರು. ಹೊಳೆಯನ್ನು ನಡೆದು ದಾಟುವ ಜಾಗಗಳಿಗೆ ಆ ಊರಿನವರು ನೀರಿನ ಆಳ ನೋಡಿ ಹೆಸರಿಟ್ಟಿದ್ದರು: ಪಾದದ ಕಡವು, ಮೊಣಕಾಲು ಕಡವು, ಸೊಂಟದ ಕಡವು. ಬೇರೆ ಊರುಗಳಲ್ಲಿ ಜನ ಮೊದಲು ಕೋಲು ಹಾಕಿ ಆಳ ನೋಡಿ ನೀರಿಗಿಳಿಯುತ್ತಿದ್ದರು. ಇಲ್ಲಿ ಹೆಸರೇ ಕೋಲು. ತಮ್ಮ ಈ ಜಾಣತನದ ಬಗ್ಗೆ ಊರಿನವರಿಗೆ ತುಸು ಜಂಬವೂ ಇತ್ತು.

ಒಂದು ವರ್ಷ ಮನೆ ಕಟ್ಟುವವರೆಲ್ಲ ಮೊಣಕಾಲು ಕಡವಿನ ಮರಳನ್ನೇ ಎತ್ತಿದರು. ಅಲ್ಲಿ ಆಳು ಮುಳುಗುವಷ್ಟು ಗುಂಡಿ ಬಿತ್ತು. ಊರಿನವರು ಅಲ್ಲಿ ದಾಟುವುದನ್ನು ಬಿಟ್ಟರು, ಹೆಸರನ್ನು ಬಿಡಲಿಲ್ಲ. ಅಜ್ಜನ ಕಾಲದಿಂದ ಎಲ್ಲರ ಬಾಯಲ್ಲಿದ್ದ ಹೆಸರು, ಬದಲಿಸುವ ತಾಪತ್ರಯ ಯಾರಿಗೆ ಬೇಕು? ಗುಂಡಿ ಇರುವುದು ನಮಗೆಲ್ಲ ಗೊತ್ತೇ ಇದೆ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದುಕೊಂಡು ಸುಮ್ಮನಾದರು.

ಒಂದು ಸಂಜೆ ಬಳೆ ವ್ಯಾಪಾರಿಯೊಬ್ಬ ತುಂಬು ಬಸುರಿ ಹೆಂಡತಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಆಚೆ ದಡದಲ್ಲಿದ್ದ ಅವಳ ತವರಿಗೆ ಹೊರಟಿದ್ದ. ಗಾಡಿಯಲ್ಲಿ ಉದ್ದನೆಯ ಕೋಲೂ ಇತ್ತು. ದಡದ ಹೊಲದಲ್ಲಿ ರೈತನೊಬ್ಬ ಬಗ್ಗಿ ಕಳೆ ಕೀಳುತ್ತಿದ್ದ.

“ಇದು ಯಾವ ಕಡವಣ್ಣಾ?” ಎಂದು ವ್ಯಾಪಾರಿ ಕೇಳಿದ.

“ಮೊಣಕಾಲು ಕಡವು,” ರೈತ ತಲೆ ಎತ್ತದೆ ಹೇಳಿದ.

ವ್ಯಾಪಾರಿ ಎತ್ತುಗಳನ್ನು ನೀರಿಗಿಳಿಸಿದ. ಕೂಗು ಕೇಳಿದ ಮೇಲೆಯೇ ರೈತನಿಗೆ ಗುಂಡಿ ನೆನಪಾದದ್ದು. ಓಡಿಬಂದು ಹೊಳೆಗೆ ಹಾರಿದ, ವ್ಯಾಪಾರಿಯನ್ನು ದಡಕ್ಕೆ ಎಳೆದು ತಂದ. ಹೆಂಡತಿ ಸಿಗಲಿಲ್ಲ.

“ನಾನು ಸುಳ್ಳು ಹೇಳ್ಲಿಲ್ಲ ಅಣ್ಣಾ, ಅದರ ಹೆಸರು ಹೇಳ್ದೆ,” ಎಂದು ರೈತ ಅತ್ತ. ಬದುಕಿರುವವರೆಗೂ ಅದನ್ನೇ ಹೇಳಿಕೊಂಡು ಅತ್ತ. ಪಾಪ, ಅವನು ಸುಳ್ಳು ಹೇಳಿರಲಿಲ್ಲ, ನಿಜ.

ಶಿಷ್ಯೆ, ಹಾಗಾದರೆ ಆ ಕಡವಿಗೆ ಏನೆಂದು ಹೆಸರಿಡಬೇಕಿತ್ತು ಎಂದು ಕೇಳಿದಳು.

ಗುರುಗಳೆಂದರು: “ಆಚೆ ದಡದ ಊರಿನ ಹೆಸರಿಟ್ಟಿದ್ದರೆ, ವ್ಯಾಪಾರಿ ಕೋಲು ಹಾಕಿ ನೋಡಿ ಇಳಿಯುತ್ತಿದ್ದ.”